ದೆಹಲಿ ಬಾಗಿಲಿನ ಫಲಕ ಹೇಳದ ಹೆಸರು

ಶೇಷಾದ್ರಿಪುರದ ನಮ್ಮ ಮನೆಯಿಂದ ಸಂಪಿಗೆ ರಸ್ತೆ ಸ್ಟೇಷನ್ನಿಗೆ ನಡೆದು ಮೆಟ್ರೋ ಹತ್ತಿದರೆ ಮೂರನೇ ನಿಲ್ದಾಣ ಕೆ.ಆರ್. ಮಾರ್ಕೆಟ್. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಬೆಂಗಳೂರು ಕೋಟೆಯ ದೆಹಲಿ ಬಾಗಿಲು.

ಕೆಂಪೇಗೌಡರ ಕಾಲದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರಾಲಿ ಕಲ್ಲಿನ ಕೋಟೆ ಕಟ್ಟಿಸಲು ಶುರು ಮಾಡಿದ. ಸುತ್ತಳತೆ ಸುಮಾರು ಒಂದು ಮೈಲಿ, ಸುತ್ತ ಕಂದಕ. ಉತ್ತರಕ್ಕೆ ಪೇಟೆ ಕಡೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು. ಈಗ ಉಳಿದಿರೋದು ದೆಹಲಿ ಬಾಗಿಲು ಮತ್ತು ಅದಕ್ಕೆ ಅಂಟಿಕೊಂಡ ಸ್ವಲ್ಪ ಗೋಡೆ ಅಷ್ಟೇ.

ನಾನು ಎಂಜಿನಿಯರ್, ಹಾಗಾಗಿ ಮೊದಲು ಕಣ್ಣಿಗೆ ಬೀಳೋದು ಕಮಾನು. ಇದರ ನೆತ್ತಿ ಚೂಪು. ಅರ್ಧವೃತ್ತದ ಕಮಾನಿಗಿಂತ ಇಂಥದ್ದು ಅಕ್ಕಪಕ್ಕದ ಗೋಡೆಯನ್ನು ಕಡಿಮೆ ತಳ್ಳುತ್ತೆ. ಭಾರ ಹೆಚ್ಚು ನೇರವಾಗಿ ಕೆಳಗಿಳಿಯುತ್ತೆ.

1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಒಳನುಗ್ಗಿದ್ದು ಈ ಬಾಗಿಲಿನಿಂದ ಅಲ್ಲ. ಫಿರಂಗಿಗಳಿಂದ ಪಕ್ಕದ ಗೋಡೆಯನ್ನು ಒಡೆದು, ಆ ಬಿರುಕಿನಿಂದ ಬಂದರು. ಅಲ್ಲಿ ಹೋರಾಡುತ್ತಾ ಸತ್ತವನು ಕೋಟೆಯ ಕಿಲ್ಲೇದಾರ್ ಬಹಾದ್ದೂರ್ ಖಾನ್.

ಇನ್ನು ನಮ್ಮ ವಿಷಯಕ್ಕೆ ಬರೋಣ. ಗೋಡೆಯಲ್ಲಿ ಇಂಗ್ಲಿಷ್ ಫಲಕ ಒಂದಿದೆ. ಬ್ರಿಟಿಷರ ದಾಳಿ ನಡೆದದ್ದು ಈ ಬಿರುಕಿನ ಮೂಲಕ ಅಂತ ತಾರೀಖಿನ ಸಮೇತ ಹೇಳುತ್ತೆ. ಕಟ್ಟಿಸಿದ ಹೈದರನ ಹೆಸರಿಲ್ಲ, ಕಾದು ಸತ್ತ ಖಾನನ ಹೆಸರೂ ಇಲ್ಲ.

ರೋಮಿನ ಪೋರ್ಟಾ ಮಜ್ಜೋರೆ ನೆನಪಿಸಿಕೊಳ್ಳಿ. ಅದು ಮೂಲತಃ ನೀರಿನ ಕಾಲುವೆಗಳನ್ನು ರಸ್ತೆ ದಾಟಿಸೋಕೆ ಕಟ್ಟಿದ ಕಮಾನು. ಆಮೇಲೆ ಊರಗೋಡೆಗೆ ಸೇರಿ ಹೆಬ್ಬಾಗಿಲಾಯ್ತು. ಅದರ ಮೇಲೆ ಮೂರು ಶಾಸನಗಳಿವೆ. ಕಟ್ಟಿಸಿದ ಕ್ಲಾಡಿಯಸನದು ಕ್ರಿ.ಶ. 52ರದ್ದು. ಕಾಲುವೆ ದುರಸ್ತಿ ಮಾಡಿಸಿದ ವೆಸ್ಪಾಸಿಯನ್ ಮತ್ತು ಟೈಟಸರದು ಕ್ರಮವಾಗಿ 71 ಮತ್ತು 81ರವು. ಕಟ್ಟಿದವರು, ರಿಪೇರಿ ಮಾಡಿಸಿದವರು ಅಲ್ಲಿ ತಾವೇ ಮಾತಾಡ್ತಾರೆ. ನಮ್ಮ ಬಾಗಿಲಿನ ಪಕ್ಕ ಮಾತಾಡ್ತಿರೋದು ಒಡೆದವರು.

ಅಷ್ಟು ದೂರ ಯಾಕೆ, ನಮ್ಮ ಬೇಗೂರಿಗೇ ಬನ್ನಿ. ಸುಮಾರು ಕ್ರಿ.ಶ. 890ರ ಅಲ್ಲಿನ ಶಾಸನ 'ಬೆಂಗಳೂರು' ಅನ್ನೋ ಹೆಸರಿಗೆ ಸಿಕ್ಕಿರೋ ಹಳೆಯ ದಾಖಲೆ ಅಂತ ನಿಮಗೆಲ್ಲ ಗೊತ್ತು. ಅದರಲ್ಲಿ ಆ ಹೆಸರು ಬಂದಿರೋದೇ ಬೆಂಗಳೂರು ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಯನ್ನು ನೆನೆಯೋಕೆ. ಸತ್ತವನ ಹೆಸರು ಬರೆಯೋದು ಈ ನೆಲದ ರೂಢಿ. ಕೋಟೆಯ ಫಲಕ ಆ ರೂಢಿಗೆ ಸೇರಿದ್ದಲ್ಲ.

ಫಲಕ ಕಿತ್ತುಹಾಕಿ ಅಂತ ನಾನು ಹೇಳ್ತಿಲ್ಲ. ಅದೂ ಒಂದು ಶಾಸನವೇ, ಗೋಡೆ ಎಲ್ಲಿ ಒಡೆಯಿತು ಅನ್ನೋದಕ್ಕೆ ಗುರುತು. ಆದರೆ ಶಾಸನ ಓದುವವರು ಕೇಳುವ ಪ್ರಶ್ನೆಗಳನ್ನು ಇದಕ್ಕೂ ಕೇಳಬೇಕು: ಹಾಕಿಸಿದವರು ಯಾರು, ಯಾರು ಓದಲಿ ಅಂತ, ಯಾರ ಹೆಸರು ಬಿಟ್ಟಿದ್ದಾರೆ? ಮುಂದಿನ ಸಲ ಮಾರ್ಕೆಟ್ಟಿಗೆ ಹೂವು ತರೋಕೆ ಹೋದಾಗ ಐದು ನಿಮಿಷ ನಿಂತು ಓದಿ. ಜೊತೆಗೆ ಮಕ್ಕಳಿದ್ದರೆ ಬಹಾದ್ದೂರ್ ಖಾನನ ಹೆಸರು ನೀವೇ ಹೇಳಿ.