ಬಾಯಿತಾಳ ಒಳಗಿಳಿಯುವ ಬಗೆ

ಉಡುಪಿ ಸುತ್ತಿನ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ನಡೆಸುವ ಯಕ್ಷಗಾನ ತರಗತಿಯಲ್ಲಿ ಸ್ವಲ್ಪ ಹೊತ್ತು ಕುಳಿತರೆ, ಮಕ್ಕಳ ಮನಸ್ಸು ಬೆಳೆಯುವ ಬಗೆ ಕಣ್ಣಿಗೇ ಕಾಣುತ್ತದೆ. ಮೊದಮೊದಲು ಗುರುಗಳು ಬಾಯಿತಾಳ ಹೇಳುತ್ತಾರೆ, ಮಕ್ಕಳು ಹೆಜ್ಜೆ ಹಾಕುತ್ತಾರೆ. ಮುಂದೆ ಮಕ್ಕಳೇ ಬಾಯಿತಾಳ ಹೇಳಿಕೊಂಡು ಕುಣಿಯುತ್ತಾರೆ. ಆಮೇಲೆ ತುಟಿಯಷ್ಟೇ ಅಲುಗುತ್ತದೆ. ಕೊನೆಗೆ ಅದೂ ನಿಂತು, ಚೆಂಡೆ-ಮದ್ದಳೆಯ ಪೆಟ್ಟಿಗೆ ಕಾಲು ತಾನಾಗಿ ಏಳುತ್ತದೆ.

ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ (1896–1934) ಹೇಳಿದ್ದು ಇದನ್ನೇ. ಆಲೋಚನೆಯ ಸಾಮರ್ಥ್ಯ ಮೊದಲು ಇಬ್ಬರ ನಡುವೆ ಮೂಡಿ, ಆಮೇಲೆ ಮಗುವಿನೊಳಗೆ ನೆಲೆಸುತ್ತದೆ. ನಾಲ್ಕು ವರ್ಷದ ಮಗು ಆಟವಾಡುತ್ತ ತನ್ನಷ್ಟಕ್ಕೆ ಮಾತಾಡಿಕೊಳ್ಳುವುದು ಹುಚ್ಚಾಟವಲ್ಲ. ಆ ಮಾತೇ ಏಳೆಂಟರ ಹೊತ್ತಿಗೆ ಸದ್ದಿಲ್ಲದ ಯೋಚನೆಯಾಗುತ್ತದೆ. ಅದು ತುಳುವಿನಲ್ಲಿರಲಿ, ಕೊಂಕಣಿಯಲ್ಲಿರಲಿ, ಬ್ಯಾರಿಯಲ್ಲಿರಲಿ, ಇಂಗ್ಲಿಷ್ ಬರಲೆಂದು ಮನೆಮಾತನ್ನು ತಡೆಯಬೇಡಿ. ತಡೆದರೆ ಮಗು ಯೋಚಿಸುವ ದಾರಿಯನ್ನೇ ಕಟ್ಟಿಹಾಕಿದಂತೆ.

ಮಗು ಒಂಟಿಯಾಗಿ ಮಾಡಲಾರದ, ಆದರೆ ಬಲ್ಲವರು ಜೊತೆಗಿದ್ದರೆ ಮಾಡಬಲ್ಲ ಕೆಲಸಗಳಿರುತ್ತವೆ. ಕಲಿಕೆ ನಡೆಯುವುದು ಅಲ್ಲಿಯೇ ಎಂದು ವೈಗೋಟ್‌ಸ್ಕಿ ನಂಬಿದ್ದ. ಈಗಾಗಲೇ ಬರುವುದನ್ನು ಮತ್ತೆ ಮತ್ತೆ ಮಾಡಿಸಿದರೆ ಬೇಸರ, ಎಟುಕದ್ದನ್ನು ಹೇರಿದರೆ ಭಯ. ಮಕ್ಕಳ ಯಕ್ಷಗಾನದ ಆಟದಲ್ಲಿ ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಮೊದಲು ಗುರುಗಳೇ ಬರೆದುಕೊಡುವುದು ರೂಢಿ. ಬಾಯಿಪಾಠ ಗಟ್ಟಿಯಾದಂತೆ ಮಗು ತನ್ನದೊಂದು ಮಾತು ಸೇರಿಸುತ್ತದೆ. ಹಾಗೆ ಸೇರಿಸಿದ ದಿನ ಗುರು ಒಂದು ಹೆಜ್ಜೆ ಹಿಂದೆ ಸರಿಯಬೇಕು. 1976ರಲ್ಲಿ ಮನಶ್ಶಾಸ್ತ್ರಜ್ಞರಾದ ವುಡ್, ಬ್ರೂನರ್ ಮತ್ತು ರಾಸ್ ಇಂಥ ನೆರವನ್ನು ಕಟ್ಟಡದ ಸಾರುವೆಗೆ ಹೋಲಿಸಿದರು: ಗೋಡೆ ನಿಂತ ಮೇಲೆ ಬಿಚ್ಚಲೇಬೇಕು. ಪ್ರಾಜೆಕ್ಟಿನ ಚಾರ್ಟನ್ನು ಮಗುವಿನ ಬದಲು ತಾವೇ ಬರೆಯುವ ತಂದೆತಾಯಿಗಳು ಗಮನಿಸಬೇಕಾದ್ದು ಇದನ್ನು.

ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಹುಟ್ಟಿದ್ದೂ 1896ರಲ್ಲೇ. ಅವನ ಒಂದು ಪರೀಕ್ಷೆಯನ್ನು ಅಡುಗೆಮನೆಯಲ್ಲೇ ಮಾಡಬಹುದು. ಒಂದೇ ಅಳತೆಯ ಎರಡು ಲೋಟಗಳಿಗೆ ಸಮನಾಗಿ ನೀರು ತುಂಬಿಸಿ, ಒಂದರ ನೀರನ್ನು ಉದ್ದನೆಯ, ಸಪೂರ ಲೋಟಕ್ಕೆ ಮಗುವಿನೆದುರೇ ಸುರಿಯಿರಿ. ಐದು ವರ್ಷದ ಮಗು ಸಾಮಾನ್ಯವಾಗಿ ಉದ್ದ ಲೋಟದಲ್ಲೇ ನೀರು ಹೆಚ್ಚು ಎನ್ನುತ್ತದೆ. ಏಳೆಂಟು ವರ್ಷದ್ದು ನಗುತ್ತದೆ. ಹನ್ನೊಂದು-ಹನ್ನೆರಡರ ನಂತರ ಕಣ್ಣೆದುರು ಇಲ್ಲದ್ದನ್ನೂ ‘ಹೀಗಿದ್ದರೆ’ ಎಂದು ತರ್ಕಿಸುವ ಶಕ್ತಿ ಬರುತ್ತದೆ. ಕೌರವನ ವೇಷ ಹಾಕಿದ ಒಂಬತ್ತನೆಯ ತರಗತಿಯ ಹುಡುಗಿ, ತಾನು ಒಪ್ಪದ ಪಕ್ಷವನ್ನು ವಾದಿಸಿ ಗೆಲ್ಲಿಸುವಾಗ ದುಡಿಯುವುದು ಈ ಶಕ್ತಿಯೇ. ಈ ವಯಸ್ಸುಗಳನ್ನು ಗೆರೆ ಕೊರೆದಂತೆ ನೋಡಬಾರದು. ಪಿಯಾಜೆ ಅಂದುಕೊಂಡದ್ದಕ್ಕಿಂತ ಮೊದಲೇ ಮಕ್ಕಳಿಗೆ ಎಷ್ಟೋ ಗೊತ್ತಿರುತ್ತದೆ ಎಂದು ನಂತರದವರು ತೋರಿಸಿದ್ದಾರೆ.

ಹರೆಯದ್ದು ಬೇರೆಯೇ ಪ್ರಶ್ನೆ: ನಾನು ಯಾರು? ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲಿ ಇದನ್ನು ಹದಿಹರೆಯದ ಮುಖ್ಯ ಕೆಲಸವೆಂದ. 1966ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ ಇನ್ನೊಂದನ್ನು ಗುರುತಿಸಿದ: ಕೆಲವರು ಹುಡುಕದೆಯೇ ಉತ್ತರ ಪಡೆದುಬಿಡುತ್ತಾರೆ, ಹಿರಿಯರು ಹೇಳಿದ್ದನ್ನೇ ತಮ್ಮದೆಂದುಕೊಳ್ಳುತ್ತಾರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ನಮ್ಮ ಉಡುಪಿ. ಹೆಮ್ಮೆಯ ಮಾತೇ. ಆದರೆ ಅಂಕ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕಾಪುವಿನ, ಕಾರ್ಕಳದ ಮಗುವನ್ನು ವಿಜ್ಞಾನಕ್ಕೆ ಸೇರಿಸಿ, ಮಣಿಪಾಲದ ಸೀಟಿನ ಕನಸನ್ನೂ ನಾವೇ ಕಂಡರೆ, ಹುಡುಕುವ ವಯಸ್ಸನ್ನು ಅದರಿಂದ ಕಸಿದಂತೆ. ಆ ಹುಡುಕಾಟ ಇಪ್ಪತ್ತೈದರಲ್ಲಿ, ಇನ್ನಷ್ಟು ನೋವಿನೊಂದಿಗೆ ಮರಳಬಹುದು. ಪಿಯು ಅರ್ಜಿ ತುಂಬುವ ಮೊದಲು ಒಮ್ಮೆಯಾದರೂ ‘ನಿನಗೆ ಏನು ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ.

ಸಿಟ್ಟು, ಬಾಗಿಲು ಹಾಕಿಕೊಳ್ಳುವುದು, ಗೆಳೆಯರ ಮಾತೇ ವೇದವಾಗುವುದು ಈ ವಯಸ್ಸಿಗೆ ಸಹಜ. ನಿದ್ದೆ, ಊಟ ಕೆಟ್ಟು, ಇಷ್ಟದ ಆಟವೂ ಬೇಡವಾಗಿ, ಎರಡು ವಾರ ಹಾಗೆಯೇ ಉಳಿದರೆ ಕಾಯಬೇಡಿ. ಸಾಯುವ ಮಾತು ಬಂದರಂತೂ ಅದೇ ದಿನ ವೈದ್ಯರ ಬಳಿಗೆ ಹೊರಡಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.