ನಿಮಗಿದು ಗೊತ್ತೇ? ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಹ್ಯಾಂಗ್ ಆಗುವುದೇಕೆ?

ಬಳಸಿದ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಹ್ಯಾಂಗ್ ಆಗತೊಡಗಿದರೆ ಎಲ್ಲರ ಕಣ್ಣೂ ಮೊದಲು ಬೀಳುವುದು ಕಾರ್ಡಿನ ಮೇಲೆ. ಆದರೆ ಕರೆಂಟು ಕೊಡುವ ಎಸ್‌ಎಂಪಿಎಸ್, ಒಳಗೇ ಉಳಿದುಕೊಂಡ ಹಳೇ ಡ್ರೈವರ್, ಸರಿಯಾಗಿ ಕೂರದ ಕೇಬಲ್ ಇವೂ ಅಷ್ಟೇ ಕಾಟ ಕೊಡುತ್ತವೆ. ಕಾರ್ಡ್ ವಾಪಸ್ ಮಾಡಲು ಹೊರಡುವ ಮೊದಲು, ಯಂತ್ರ ಹೇಗೆ ಹ್ಯಾಂಗ್ ಆಯಿತು ಎಂಬುದನ್ನು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹ್ಯಾಂಗ್ ಆದ ಕೂಡಲೇ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ವಿಂಡೋಸ್ ಒಳಗೆ ಇನ್ನೂ ಕೆಲಸ ಮಾಡುತ್ತಿದೆ, ಚಿತ್ರ ಮಾತ್ರ ನಿಂತಿದೆ ಎಂದು ತಿಳಿಯಬಹುದು. ದೀಪವೂ ಬದಲಾಗದೆ, ಸ್ಪೀಕರಿನಲ್ಲಿ ಒಂದೇ ಸದ್ದು ಗರ್ರ್ ಎಂದು ಸುತ್ತುತ್ತಿದ್ದರೆ ಇಡೀ ಯಂತ್ರವೇ ನಿಂತಿದೆ. ಆ ಗರ್ರ್ ಸದ್ದಿಗೂ ಕಾರಣವಿದೆ. ಸೌಂಡ್ ಚಿಪ್ ತನಗೆ ಬೇಕಾದ ಧ್ವನಿಯನ್ನು ಮೆಮೊರಿಯ ಒಂದು ಚಿಕ್ಕ ಬಫರ್‌ನಿಂದ ಎತ್ತಿಕೊಳ್ಳುತ್ತದೆ. ಅದನ್ನು ಹೊಸದಾಗಿ ತುಂಬಬೇಕಾದ ಪ್ರೊಸೆಸರ್ ನಿಂತುಬಿಟ್ಟರೆ, ಕೊನೆಯ ತುಣುಕೇ ಮತ್ತೆ ಮತ್ತೆ ಮೊಳಗುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದುಕೊಂಡು ‘ಬಿ’ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಒಂದೇ ರೀಸ್ಟಾರ್ಟ್ ಆಗುತ್ತದೆ. ಪರದೆ ಕ್ಷಣಕಾಲ ಕಪ್ಪಾಗಿ ಚಿತ್ರ ಮರಳಿದರೆ, ಸಂಶಯ ಡ್ರೈವರ್ ಅಥವಾ ಕಾರ್ಡಿನ ಕಡೆಗೆ ತಿರುಗಬೇಕು.

ವಿಂಡೋಸ್ ತಾನೇ ಈ ಕೆಲಸ ಮಾಡಲು ಕಲಿತದ್ದು ವಿಸ್ಟಾ ಕಾಲದಲ್ಲಿ. ಕಾರ್ಡಿಗೆ ಕೊಟ್ಟ ಕೆಲಸ 2 ಸೆಕೆಂಡಿನೊಳಗೆ ಮುಗಿಯದೆ, ಕಾರ್ಡ್ ಅದನ್ನು ಬಿಟ್ಟುಕೊಡದೆಯೂ ಇದ್ದರೆ ವಿಂಡೋಸ್ ಆ ಕಾರ್ಡನ್ನೇ ರೀಸೆಟ್ ಮಾಡುತ್ತದೆ. ಹಾಗೆ ಮಾಡಿದ್ದನ್ನು ಇವೆಂಟ್ ವ್ಯೂವರ್‌ನಲ್ಲಿ 4101 ಎಂಬ ಸಂಖ್ಯೆಯಡಿ ಬರೆದಿಡುತ್ತದೆ. ರಿಜಿಸ್ಟ್ರಿಗೆ ಹೋಗಿ ಈ 2 ಸೆಕೆಂಡನ್ನು 8 ಅಥವಾ 10 ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಅದನ್ನು ಮೊದಲ ಮದ್ದಾಗಿ ಬಳಸಬೇಡಿ. ಭಾರೀ ರೆಂಡರಿಂಗ್ ಮಾಡುವವರಿಗೆ ಅದರಿಂದ ಉಪಯೋಗವಿದೆ, ಕೆಟ್ಟ ಕಾರ್ಡಿನಲ್ಲಿ ಮಾತ್ರ ಹ್ಯಾಂಗ್ ಇನ್ನಷ್ಟು ಉದ್ದವಾಗುತ್ತದೆ ಅಷ್ಟೇ.

ಅದೇ ಪಟ್ಟಿಯಲ್ಲಿ ಕೆಂಪು ಗುರುತಿನ ‘ಕರ್ನಲ್ ಪವರ್ 41’ ಕಂಡು ಎಸ್‌ಎಂಪಿಎಸ್ ಹೋಗಿದೆ ಎಂದು ನಿರ್ಧರಿಸುವವರು ಬಹಳ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ ಎಂಬುದಷ್ಟೇ ಅದರ ಅರ್ಥ. ಹ್ಯಾಂಗ್ ಆಯಿತೆಂದು ನೀವೇ ಪವರ್ ಬಟನ್ ಒತ್ತಿ ಹಿಡಿದಿದ್ದರೂ 41 ಬಂದೇ ಬರುತ್ತದೆ.

ಇನ್ನು ಕರೆಂಟಿನ ಲೆಕ್ಕ. ಮದರ್‌ಬೋರ್ಡಿನ ಸ್ಲಾಟ್ ಹೆಚ್ಚೆಂದರೆ 75 ವಾಟ್ ಕೊಡುತ್ತದೆ. 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಕೇಬಲ್ 150. ಜಿಟಿಎಕ್ಸ್ 1050 ಟಿಐ 75 ವಾಟಿನ ಕಾರ್ಡಾದ್ದರಿಂದ ಅದರ ಮೂಲ ವಿನ್ಯಾಸಕ್ಕೆ ಬೇರೆ ಕೇಬಲ್ಲೇ ಬೇಡ. ಅದನ್ನು ತೆಗೆದು ಆರ್‌ಎಕ್ಸ್ 580 ಹಾಕಿದಿರೆನ್ನಿ, ಒಮ್ಮೆಗೇ 185 ವಾಟ್ ಬೇಕು. ಆರ್‌ಟಿಎಕ್ಸ್ 3080 ಆದರೆ 320. ಕ್ಯಾಬಿನೆಟ್ ಜೊತೆಗೇ ಬಂದ ಅಗ್ಗದ ಎಸ್‌ಎಂಪಿಎಸ್ ಇಲ್ಲಿ ಕೈಕೊಡುತ್ತದೆ. ಅದರ ಮೈಮೇಲೆ 450 ಎಂದು ದೊಡ್ಡದಾಗಿ ಬರೆದಿದ್ದರೂ ನೋಡಬೇಕಾದದ್ದು ಸ್ಟಿಕ್ಕರಿನ ಕೋಷ್ಟಕದಲ್ಲಿ 12 ವೋಲ್ಟ್ ಕೆಳಗಿರುವ ಆಂಪಿಯರ್ ಸಂಖ್ಯೆ. ಅದನ್ನು 12ರಿಂದ ಗುಣಿಸಿ. 18 ಆಂಪಿಯರ್ ಇದ್ದರೆ 216 ವಾಟ್. ಪ್ರೊಸೆಸರ್, ಕಾರ್ಡ್ ಎರಡೂ ಅದರಲ್ಲೇ ಬದುಕಬೇಕು.

ಸರಾಸರಿ ಲೆಕ್ಕ ಸರಿಯಾಗಿದ್ದರೂ ಸಾಲದು. ಆಧುನಿಕ ಕಾರ್ಡುಗಳು ಮೈಕ್ರೊಸೆಕೆಂಡುಗಳ ಮಟ್ಟಿಗೆ ತಮ್ಮ ಘೋಷಿತ ವಾಟಿಗಿಂತ ಎಷ್ಟೋ ಹೆಚ್ಚು ಎಳೆಯುತ್ತವೆ. 2022ರ ಎಟಿಎಕ್ಸ್ 3.0 ನಿಯಮ ಹುಟ್ಟಿದ್ದರ ಹಿಂದೆ ಇದೂ ಒಂದು ಕಾರಣ. ಹೊಸ 12 ವೋಲ್ಟ್ ಕನೆಕ್ಟರ್ ಇರುವ ದೊಡ್ಡ ಎಸ್‌ಎಂಪಿಎಸ್‌ಗಳು 100 ಮೈಕ್ರೊಸೆಕೆಂಡ್ ಕಾಲ ತಮ್ಮ ಸಾಮರ್ಥ್ಯದ ದುಪ್ಪಟ್ಟು ಹೊರೆ ತಡೆಯಬೇಕು ಎನ್ನುತ್ತದೆ ಅದು. ಹಳೆಯದರಲ್ಲಿ ರಕ್ಷಣಾ ಸರ್ಕ್ಯೂಟ್ ಎಚ್ಚೆತ್ತರೆ ಯಂತ್ರ ದಿಢೀರನೆ ಆಫ್ ಆಗುತ್ತದೆ. ಅದು ಎಚ್ಚೆತ್ತುಕೊಳ್ಳದೆ ವೋಲ್ಟೇಜ್ ಮಾತ್ರ ಕುಸಿದರೆ, ಆಗ ಹ್ಯಾಂಗ್.

ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು 8 ಪಿನ್ ಕನೆಕ್ಟರ್ ಇರುವುದುಂಟು. ಎರಡು ಕನೆಕ್ಟರ್ ಕೇಳುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಎನ್ನುತ್ತದೆಯೇ? ಮನೆಯ ಸಾಕೆಟ್ಟಿನ ಅರ್ಥಿಂಗ್ ಸರಿಯಿಲ್ಲ ಎನ್ನಲು ಅದು ಸುಳಿವು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಸೋರಿಕೆ ನೆಲಕ್ಕೆ ಹೋಗಲಾಗದೆ ಲೋಹದ ಮೈಯಲ್ಲೇ ನಿಲ್ಲುತ್ತದೆ. ಕಾರ್ಡ್ ಬಿಚ್ಚಿ ಹಾಕುವ ಮುನ್ನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಹಳೇ ಕಾರ್ಡಿನ ಡ್ರೈವರ್ ಅವಶೇಷಗಳ ಮೇಲೆಯೇ ಹೊಸ ಡ್ರೈವರ್ ಹಾಕುವುದು, ಅದರಲ್ಲೂ ಎಎಂಡಿಯಿಂದ ಎನ್ವಿಡಿಯಾಕ್ಕೆ ಹೋದಾಗ, ಹ್ಯಾಂಗ್‌ಗೆ ನೇರ ದಾರಿ. ಸೇಫ್ ಮೋಡ್‌ಗೆ ಹೋಗಿ ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ಉಚಿತ ಸಾಫ್ಟ್‌ವೇರಿನಿಂದ ಎಲ್ಲವನ್ನೂ ಗುಡಿಸಿ, ಆಮೇಲೆ ಹೊಸದು ಹಾಕಿ. ಇತ್ತೀಚಿನ ಡ್ರೈವರೇ ಉತ್ತಮ ಎಂದೂ ಇಲ್ಲ. 2010ರ ಮಾರ್ಚ್‌ನಲ್ಲಿ ಎನ್ವಿಡಿಯಾ ತನ್ನ 196.75 ಡ್ರೈವರನ್ನು ಹಿಂದಕ್ಕೆ ಪಡೆಯಬೇಕಾಯಿತು. ಫ್ಯಾನ್ ನಿಯಂತ್ರಣ ತಪ್ಪಿ ಕಾರ್ಡುಗಳು ಕಾಯುತ್ತಿದ್ದವು.

ಇನ್ನು ಕಾರ್ಡಿನ ಹಿಂದಿನ ಬದುಕು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೊಕರೆನ್ಸಿ, ಗ್ರಾಫಿಕ್ಸ್ ಕಾರ್ಡುಗಳಿಂದ ಮೈನಿಂಗ್ (ಲೆಕ್ಕ ಬಿಡಿಸಿ ನಾಣ್ಯ ಗಳಿಸುವುದು) ಮಾಡುವ ಪದ್ಧತಿಯನ್ನೇ ಕೈಬಿಟ್ಟಿತು. ಜಗತ್ತಿನಾದ್ಯಂತ ಮೈನಿಂಗ್ ಕಾರ್ಡುಗಳು ಮಾರಾಟಕ್ಕೆ ಬಂದವು. ಮೈನಿಂಗ್ ಕಾರ್ಡ್ ಎಂದರೆ ಸತ್ತ ಕಾರ್ಡ್ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಬಿಸಿಯಲ್ಲಿ ಸದಾ ಓಡಿದ ಚಿಪ್ಪಿಗೆ, ದಿನವೂ ಕಾದು ತಣಿಯುವ ಗೇಮಿಂಗ್ ಚಿಪ್ಪಿಗಿಂತ ಕೆಲವೊಮ್ಮೆ ಸವೆತ ಕಡಿಮೆ. ಆದರೆ ಮೂರು ಕಡೆ ಪೆಟ್ಟು ಬಿದ್ದಿರುತ್ತದೆ: ಫ್ಯಾನಿನ ಬೇರಿಂಗ್, ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್, ಮತ್ತು ಬಯಾಸ್. ಹೆಚ್ಚು ಮೈನಿಂಗ್ ವೇಗಕ್ಕಾಗಿ ಮೆಮೊರಿಯ ಟೈಮಿಂಗ್ ಬದಲಿಸಿದ ಬಯಾಸ್ ಹಾಗೇ ಉಳಿದಿದ್ದರೆ ಕಾರ್ಡ್ ಗೇಮ್‌ನಲ್ಲಿ ನಿಲ್ಲುತ್ತದೆ. ಕೆಲವು ಕಾರ್ಡುಗಳ ಅಂಚಿನಲ್ಲಿ ಉಗುರಿನಷ್ಟು ಚಿಕ್ಕ ಸ್ವಿಚ್ ಇರುತ್ತದೆ, ಅದು ಎರಡನೇ ಬಯಾಸ್‌ಗೆ. ಯಂತ್ರ ಆಫ್ ಮಾಡಿ ಅದನ್ನೊಮ್ಮೆ ಸರಿಸಿ ನೋಡಿ.

ಚಿಪ್ಪಿನ ಬಿಸಿ 70 ಡಿಗ್ರಿ ತೋರಿಸುತ್ತಿದ್ದರೂ ಮೆಮೊರಿ 110 ಮುಟ್ಟಿರಬಹುದು. ಆರ್‌ಟಿಎಕ್ಸ್ 3080, 3090ಗಳಲ್ಲಿ ಇದು ಸಾಮಾನ್ಯ. ಎಚ್‌ಡಬ್ಲ್ಯೂಇನ್ಫೊ ಎಂಬ ಸಾಫ್ಟ್‌ವೇರಿನಲ್ಲಿ ‘ಮೆಮೊರಿ ಜಂಕ್ಷನ್’ ಎಂಬ ಸಾಲನ್ನು ಹುಡುಕಿ.

ಕಾರ್ಡೇ ನಕಲಿಯಾಗಿದ್ದರೆ? ಹಳೆಯ ಜಿಟಿಎಸ್ 450ರ ಚಿಪ್ಪಿಗೆ ಬಯಾಸ್ ಬದಲಿಸಿ 1050 ಟಿಐ ಎಂದು ಹೆಸರಿಟ್ಟು ಮಾರಿದ್ದುಂಟು. 2018ರಿಂದ ಜಿಪಿಯು-ಝೆಡ್ ಎಂಬ ಉಚಿತ ಸಾಫ್ಟ್‌ವೇರ್ ಇಂಥವನ್ನು ಹಿಡಿದು, ಹೆಸರಿನ ಮುಂದೆ ‘ಫೇಕ್’ ಎಂದೇ ತೋರಿಸುತ್ತದೆ.

ಕಾರ್ಡನ್ನು ಓವನ್‌ನಲ್ಲಿ ಬೇಯಿಸಿದರೆ ಸರಿಹೋಗುತ್ತದೆ ಎಂಬ ಕಥೆಗೆ ಕಿವಿಗೊಡಬೇಡಿ. ಬಿಸಿಗೆ ಬೆಸುಗೆಯ ಬಿರುಕು ಕೆಲ ದಿನ ಕೂಡಿಕೊಳ್ಳಬಹುದು, ಮತ್ತೆ ಬಿಡುತ್ತದೆ. ಅಡುಗೆ ಮಾಡುವ ಓವನ್ ಹಾಳಾಗುವುದು ಬೇರೆ. ಚಿಪ್ಪು ಮತ್ತು ಅದರ ಪ್ಯಾಕೇಜಿನ ದೋಷ ಎಷ್ಟು ದುಬಾರಿ ಎನ್ನಲು, 2008ರಲ್ಲಿ ಎನ್ವಿಡಿಯಾ ಇದಕ್ಕಾಗಿ 196 ದಶಲಕ್ಷ ಡಾಲರ್ ಎತ್ತಿಟ್ಟದ್ದೇ ಸಾಕು.

ಅನುಮಾನ ತೀರಿಸಲು ಕಾಸಿಲ್ಲದ ಪರೀಕ್ಷೆಯೊಂದಿದೆ. ಕಾರ್ಡ್ ತೆಗೆದು, ಮಾನಿಟರನ್ನು ಮದರ್‌ಬೋರ್ಡಿಗೇ ಜೋಡಿಸಿ ಒಂದು ದಿನ ಬಳಸಿ. ಆಗಲೂ ಹ್ಯಾಂಗ್ ಆದರೆ ಕಾರ್ಡ್ ನಿರ್ದೋಷಿ. ರ‍್ಯಾಮ್, ಡಿಸ್ಕ್ ನೋಡಿ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಒಳಗ್ರಾಫಿಕ್ಸ್ ಇಲ್ಲದ ಕಾರಣ ಈ ಪರೀಕ್ಷೆ ನಡೆಯದು. ಆಗ ಆಫ್ಟರ್‌ಬರ್ನರ್‌ ಎಂಬ ಸಾಫ್ಟ್‌ವೇರಿನಲ್ಲಿ ಪವರ್ ಲಿಮಿಟನ್ನು ಶೇ. 70ಕ್ಕೆ ಇಳಿಸಿ. ಹ್ಯಾಂಗ್ ನಿಂತರೆ ಎಸ್‌ಎಂಪಿಎಸ್ ಅಥವಾ ಬಿಸಿಯ ಮೇಲೆ ಅನುಮಾನ ಗಟ್ಟಿಯಾಯಿತು.

ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಕೊಳ್ಳುವವರು ಕಾರ್ಡ್ ಹಾಕಿ ಡೆಸ್ಕ್‌ಟಾಪ್ ಬಂದದ್ದನ್ನು ನೋಡಿ ದುಡ್ಡು ಕೊಡಬೇಡಿ. ಒಂದು ಭಾರೀ ಗ್ರಾಫಿಕ್ಸ್ ಟೆಸ್ಟನ್ನು ಅರ್ಧ ಗಂಟೆ ಓಡಿಸಿ, ಪರದೆಯಲ್ಲಿ ಚುಕ್ಕಿ, ಚೌಕ, ಗೆರೆ ಮೂಡುತ್ತವೆಯೇ ನೋಡಿ. ಹಿಂಬದಿಯ ಸೀರಿಯಲ್ ನಂಬರಿನ ಫೋಟೊ ತೆಗೆದುಕೊಳ್ಳಿ. ಕೆಲವು ತಯಾರಕರು ವಾರಂಟಿಯನ್ನು ಬಿಲ್ಲಿನ ಬದಲು ಆ ನಂಬರಿನಿಂದಲೇ ಲೆಕ್ಕ ಹಾಕುವುದರಿಂದ, ಕೈ ಬದಲಾದ ಕಾರ್ಡಿಗೂ ಇನ್ನೂ ವರ್ಷವೋ ಆರು ತಿಂಗಳೋ ಉಳಿದಿರುವ ಸಾಧ್ಯತೆ ಇದೆ.