ಊರು ಬದಲಿಸುವ ಮಕ್ಕಳು ಮತ್ತು ಬೇಸಿಗೆ ರಜೆ: ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ



ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಗೊರಗುಂಟೆಪಾಳ್ಯವು ಬೆಂಗಳೂರಿನ ವಾಯವ್ಯ ದಿಕ್ಕಿನ ಹೆಬ್ಬಾಗಿಲು. ಪೀಣ್ಯ, ಯಶವಂತಪುರ, ಜಾಲಹಳ್ಳಿ ಭಾಗಗಳಲ್ಲಿ ನೆಲೆಸಿರುವ ದುಡಿಯುವ ಕುಟುಂಬಗಳು ತುಮಕೂರು, ಹಾಸನ, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯ ಬಸ್ಸುಗಳನ್ನು ಏರುವುದು ಇಲ್ಲಿಯೇ. ಯುಗಾದಿಯ ಆಸುಪಾಸಿನಲ್ಲಿ ಹಾಗೂ ಏಪ್ರಿಲ್ ಎರಡನೆಯ ವಾರದಲ್ಲಿ ಇಲ್ಲಿ ಬಸ್ಸಿಗಾಗಿ ಕಾದಿರುವವರಲ್ಲಿ ಎರಡು ಬಗೆಯವರನ್ನು ಕಾಣಬಹುದು. ರಜೆಗೆಂದು ಊರಿಗೆ ಹೊರಟವರ ಕೈಯಲ್ಲಿ ಬಟ್ಟೆಯ ಚೀಲವಿರುತ್ತದೆ. ಬಾಡಿಗೆ ಮನೆಯನ್ನು ತೆರವು ಮಾಡಿ ಹೊರಟವರ ಬಳಿ ಪಾತ್ರೆಯ ಮೂಟೆಯೂ ಹಾಸಿಗೆಯ ಸುರುಳಿಯೂ ಇರುತ್ತವೆ. ಈ ಲೇಖನವು ಎರಡನೆಯ ಬಗೆಯ ಕುಟುಂಬಗಳ ಮಕ್ಕಳನ್ನು ಕುರಿತದ್ದು.

ಗೊರಗುಂಟೆಪಾಳ್ಯವು ನಗರಾಡಳಿತದ ವ್ಯಾಪ್ತಿಗೆ ಸೇರಿದ್ದು, ಅಲ್ಲಿನ ಶಾಲೆಗಳು ಗ್ರಾಮ ಪಂಚಾಯಿತಿಗಳ ಉಸ್ತುವಾರಿಯಲ್ಲಿಲ್ಲ. ಆದರೆ ಅಲ್ಲಿ ಬಸ್ಸೇರಿದ ಮಗು ಇಳಿಯುವುದು ಬಹುತೇಕ ಯಾವುದಾದರೊಂದು ಗ್ರಾಮ ಪಂಚಾಯಿತಿಯ ಊರಿನಲ್ಲಿ. ಅಂತೆಯೇ ಪೀಣ್ಯದ ಬಾಡಿಗೆ ಹೊರಲಾಗದ ಕುಟುಂಬಗಳು ಹೆಸರಘಟ್ಟ, ದಾಸನಪುರ ಭಾಗದ ಹಳ್ಳಿಗಳಿಗೆ ಬಂದು ನೆಲೆಸುವುದೂ ಉಂಟು. ಹೋಗುವ ಮತ್ತು ಬರುವ ಈ ಎರಡೂ ದಾರಿಗಳಲ್ಲಿ ಮಗುವಿನ ಹೆಸರು ಒಂದು ಹಾಜರಿ ಪುಸ್ತಕದಿಂದ ಇನ್ನೊಂದಕ್ಕೆ ತಪ್ಪದೆ ಸೇರುವಂತೆ ನೋಡಿಕೊಳ್ಳುವುದು ಪಂಚಾಯಿತಿಯ ಕರ್ತವ್ಯ.

ಮಗು ಪಟ್ಟಿಯಿಂದ ಜಾರುವುದು ಹೇಗೆ?

ಇತ್ತೀಚಿನ ಸಾಲುಗಳ ಶೈಕ್ಷಣಿಕ ಮಾರ್ಗಸೂಚಿಯಂತೆ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಏಪ್ರಿಲ್ 10ಕ್ಕೆ ವರ್ಷದ ಪಾಠಗಳು ಮುಗಿದು, ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇರುತ್ತದೆ. ಮೇ 29ರಂದು ಹೊಸ ವರ್ಷ ಆರಂಭವಾಗುತ್ತದೆ. ನಡುವಣ 48 ದಿನಗಳಲ್ಲಿ ಹಾಜರಿ ಕರೆಯುವವರು ಯಾರೂ ಇಲ್ಲ. ಆದಕಾರಣ ಈ ಅವಧಿಯಲ್ಲಿ ಊರು ಬಿಟ್ಟ ಮಗುವಿನ ಗೈರುಹಾಜರಿಯು ಯಾರ ಗಮನಕ್ಕೂ ಬರುವುದಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದ ದಂಪತಿಗೆ ಮಾರ್ಚ್ ಕೊನೆಯಲ್ಲಿ ಕೆಲಸ ತಪ್ಪುತ್ತದೆ. ನಾಲ್ಕನೆಯ ತರಗತಿಯ ಮಗಳೊಂದಿಗೆ ಅವರು ಊರಿಗೆ ಮರಳುತ್ತಾರೆ. ಅವಸರದಲ್ಲಿ ವರ್ಗಾವಣೆ ಪ್ರಮಾಣಪತ್ರವನ್ನು ಪಡೆದಿರುವುದಿಲ್ಲ. ಮೇ ಕೊನೆಯಲ್ಲಿ ಊರಿನ ಶಾಲೆಗೆ ಹೋದಾಗ ಪ್ರಮಾಣಪತ್ರ ತರುವಂತೆ ಹೇಳಲಾಗುತ್ತದೆ. ಬೆಂಗಳೂರಿಗೆ ಹೋಗಿಬರಲು ಬಸ್ಸಿನ ಖರ್ಚು ಒಂದು ಕಡೆ, ಎರಡು ದಿನದ ಕೂಲಿ ಇನ್ನೊಂದು ಕಡೆ. ‘ಮುಂದಿನ ತಿಂಗಳು ನೋಡೋಣ’ ಎಂಬ ಮಾತು ದಸರೆಯವರೆಗೆ ಬೆಳೆಯುತ್ತದೆ. ಹಳೆಯ ಶಾಲೆಯು ಮಗು ಊರಿನಲ್ಲಿ ಓದುತ್ತಿರಬಹುದೆಂದು ಭಾವಿಸುತ್ತದೆ, ಊರಿನ ಶಾಲೆಯ ಪುಸ್ತಕದಲ್ಲಿ ಅವಳ ಹೆಸರೇ ಇರುವುದಿಲ್ಲ. ಇಲ್ಲಿ ಯಾರೂ ಉದ್ದೇಶಪೂರ್ವಕವಾಗಿ ತಪ್ಪು ಮಾಡಿಲ್ಲ. ಆದರೂ ಅರ್ಧ ವರ್ಷದ ಓದು ನಷ್ಟವಾಗಿರುತ್ತದೆ. ತಮ್ಮನನ್ನು ನೋಡಿಕೊಳ್ಳುವ ಹೊಣೆ ಆಗಲೇ ಅವಳ ಹೆಗಲಿಗೆ ಬಂದಿದ್ದರೆ, ಅವಳು ಶಾಲೆಗೆ ಮರಳುವುದು ಇನ್ನಷ್ಟು ಕಷ್ಟ.

ಕಾನೂನು ಏನು ಹೇಳುತ್ತದೆ?

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009, ದೇಶದಲ್ಲಿ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುವ ಈ ಕಾಯ್ದೆಯ ಕೆಳಕಂಡ ಅಂಶಗಳನ್ನು ಪ್ರತಿಯೊಬ್ಬ ಸದಸ್ಯರೂ ನೆನಪಿನಲ್ಲಿಡುವುದು ಅಗತ್ಯ.

1. ರಾಜ್ಯದೊಳಗಾಗಲಿ ಹೊರರಾಜ್ಯಕ್ಕಾಗಲಿ, ಯಾವುದೇ ಕಾರಣದಿಂದ ಶಾಲೆ ಬದಲಿಸಬೇಕಾದ ಮಗುವಿಗೆ ವರ್ಗಾವಣೆಯ ಹಕ್ಕಿದೆ. ಮುಖ್ಯ ಶಿಕ್ಷಕರು ಪ್ರಮಾಣಪತ್ರವನ್ನು ಕೂಡಲೇ ನೀಡಬೇಕು. ಅದು ತಡವಾಗಿದೆಯೆಂಬ ಕಾರಣಕ್ಕೆ ಹೊಸ ಶಾಲೆಯು ದಾಖಲಾತಿಯನ್ನು ವಿಳಂಬಿಸುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ (ಪ್ರಕರಣ 5).

2. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ (ಪ್ರಕರಣ 14). ಶಾಲೆ ಆರಂಭವಾದ ಮೇಲೆ ತಡವಾಗಿ ಬಂದ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ (ಪ್ರಕರಣ 15).

3. ಓದು ನಿಂತುಹೋದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಿಂದುಳಿದ ಪಾಠಗಳಿಗಾಗಿ ವಿಶೇಷ ತರಬೇತಿ ಪಡೆಯುವುದು ಆ ಮಗುವಿನ ಹಕ್ಕು (ಪ್ರಕರಣ 4).

4. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು ಮತ್ತು ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ (ಪ್ರಕರಣ 9). ಕಾಯ್ದೆಯ ಪರಿಭಾಷೆಯಲ್ಲಿ ‘ಸ್ಥಳೀಯ ಪ್ರಾಧಿಕಾರ’ ಎಂಬುದರಲ್ಲಿ ಪಂಚಾಯಿತಿಯೂ ಸೇರಿದೆ.

ಆಧಾರ್ ಸಂಖ್ಯೆಯ ವಿಷಯದಲ್ಲಿಯೂ ಪೋಷಕರಿಗೆ ಗೊಂದಲವಿದೆ. ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಶಾಲೆಯಿಂದ ಹೊರಗುಳಿದ ಮಕ್ಕಳ ಕುರಿತು ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು. ಅದರ ಮುಂದುವರಿಕೆಯಾಗಿ ಗ್ರಾಮೀಣ ಭಾಗದ ಮನೆ ಮನೆ ಸಮೀಕ್ಷೆಯನ್ನು ಪಂಚಾಯತ್ ರಾಜ್ ವ್ಯವಸ್ಥೆಯ ಮೂಲಕವೇ ನಡೆಸಲಾಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ರಜೆಗೆ ಮುನ್ನ: ಪೋಷಕರಿಗೆ ತಿಳಿಸಬೇಕಾದದ್ದು

ವರ್ಷಾಂತ್ಯದ ಫಲಿತಾಂಶ ಪ್ರಕಟಿಸುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮಕ್ಕೆ ಪೋಷಕರು ಶಾಲೆಗೆ ಬರುತ್ತಾರೆ. ಸದಸ್ಯರು ಆ ದಿನ ತಮ್ಮ ವಾರ್ಡಿನ ಶಾಲೆಯಲ್ಲಿ ಹಾಜರಿದ್ದು, ಊರು ಬಿಡುವ ಆಲೋಚನೆಯಲ್ಲಿರುವ ಕುಟುಂಬಗಳನ್ನು ಸೌಜನ್ಯದಿಂದ ವಿಚಾರಿಸುವುದು ಒಳಿತು. ಅಂಥವರಿಗೆ ಮೂರು ಮಾತುಗಳನ್ನು ತಿಳಿಸಬೇಕು. ಹೊರಡುವ ಮೊದಲೇ ವರ್ಗಾವಣೆ ಪ್ರಮಾಣಪತ್ರ ಕೇಳಿ ಪಡೆಯಬೇಕು. ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು ಅಂಕಪಟ್ಟಿಯ ಹಿಂಬದಿಯಲ್ಲಾದರೂ ಬರೆಸಿಕೊಳ್ಳಬೇಕು, ಏಕೆಂದರೆ ಹಳೆಯ ಶಾಲೆಯ ದಾಖಲೆಯನ್ನು ಹೊಸ ಶಾಲೆಯು ಹುಡುಕುವುದು ಆ ಸಂಖ್ಯೆಯಿಂದಲೇ. ಹಳೆಯ ಶಾಲೆಯ ಮುಖ್ಯ ಶಿಕ್ಷಕರ ದೂರವಾಣಿ ಸಂಖ್ಯೆಯನ್ನು ಇಟ್ಟುಕೊಳ್ಳಬೇಕು.

ಒಂದನೆಯ ತರಗತಿಗೆ ಸೇರುವ ಮಕ್ಕಳ ಪೋಷಕರು ವಯೋಮಿತಿಯನ್ನು ಕೇಳುವುದು ಸಾಮಾನ್ಯ. ರಾಜ್ಯದ ನಿಯಮದಂತೆ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು. 2025-26ನೇ ಸಾಲಿನಲ್ಲಿ 5 ವರ್ಷ 5 ತಿಂಗಳಿಗೆ ಸಡಿಲಿಕೆ ನೀಡಿದಾಗ ಅದು ಆ ಒಂದು ಸಾಲಿಗೆ ಮಾತ್ರ ಎಂದು ಪ್ರಕಟಿಸಲಾಗಿತ್ತು. ಆದುದರಿಂದ ಆಯಾ ಸಾಲಿನ ಆದೇಶವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಖಚಿತಪಡಿಸಿಕೊಂಡು ಉತ್ತರಿಸುವುದು ಸೂಕ್ತ. ವಯಸ್ಸು ತುಂಬದ ಮಗುವನ್ನು ಮನೆಯಲ್ಲಿ ಕೂರಿಸದೆ ಅಂಗನವಾಡಿಯಲ್ಲಿ ಮುಂದುವರಿಸಲು ಸಲಹೆ ನೀಡಬೇಕು.

ರಜೆಯ 48 ದಿನಗಳು

ಪಟ್ಟಣದಿಂದ ಬಂದ ಮಗುವಿಗೆ ಊರಿನಲ್ಲಿ ಗೆಳೆಯರು ಕಡಿಮೆ, ಅಪಾಯಗಳ ಪರಿಚಯ ಇನ್ನೂ ಕಡಿಮೆ. ಕೆರೆ, ಕಲ್ಲುಕ್ವಾರಿ, ಕೃಷಿ ಹೊಂಡಗಳ ಆಳ ಊರಿನ ಮಕ್ಕಳಿಗೆ ಗೊತ್ತಿದ್ದಷ್ಟು ಅವರಿಗೆ ಗೊತ್ತಿರುವುದಿಲ್ಲ. ಏಪ್ರಿಲ್ ಮೊದಲ ವಾರದಲ್ಲಿಯೇ ಇಂಥ ಸ್ಥಳಗಳ ಬೇಲಿ ಹಾಗೂ ಎಚ್ಚರಿಕೆ ಫಲಕಗಳನ್ನು ಪರಿಶೀಲಿಸುವುದು ಅಗತ್ಯ.

ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರವು ಈ ಮಕ್ಕಳನ್ನು ಗುರುತಿಸಲು ಉತ್ತಮ ಸ್ಥಳ. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಇಲ್ಲಿ ಸದಸ್ಯತ್ವ ಉಚಿತ. ಬೇಸಿಗೆ ಶಿಬಿರಕ್ಕೆ ಊರಿನ ಮಕ್ಕಳೊಂದಿಗೆ ಹೊರಗಿನಿಂದ ಬಂದ ಮಕ್ಕಳನ್ನೂ ಕರೆಯಬೇಕು. ಹೊಸ ಮುಖ ಕಂಡಾಗ ‘ಯಾವ ಶಾಲೆ, ಯಾವ ತರಗತಿ’ ಎಂದು ಗ್ರಂಥಪಾಲಕರು ಕೇಳುವ ಒಂದು ಪ್ರಶ್ನೆಯಿಂದಲೇ ಎಷ್ಟೋ ಸಂಗತಿ ತಿಳಿಯುತ್ತದೆ.

ರಜೆಯಲ್ಲಿ ಮಗು ಮನೆಯ ಅಪಾಯರಹಿತ ಕೆಲಸಗಳಲ್ಲಿ ನೆರವಾಗುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವುದು ನಿಷಿದ್ಧ. ಇಟ್ಟಿಗೆ ಗೂಡು, ಗ್ಯಾರೇಜು, ಹೋಟೆಲುಗಳಲ್ಲಿ ಮಗು ದುಡಿಯುತ್ತಿರುವುದು ಕಂಡುಬಂದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. ರಜೆಯ ದುಡಿಮೆಯೇ ಜೂನ್‌ನಲ್ಲಿ ಶಾಲೆ ತಪ್ಪಲು ಕಾರಣವಾಗುವ ಸಂದರ್ಭಗಳುಂಟು.

ಒಂದು ಪುಸ್ತಕ, ಎರಡು ಪಟ್ಟಿ

ಪ್ರತಿ ವಾರ್ಡಿಗೊಂದು ನೋಟುಪುಸ್ತಕವಿದ್ದರೆ ಸಾಕು. ಅದರ ಒಂದು ಬದಿಯಲ್ಲಿ ‘ಊರಿಗೆ ಬಂದವರು’, ಇನ್ನೊಂದು ಬದಿಯಲ್ಲಿ ‘ಊರು ಬಿಟ್ಟವರು’ ಎಂದು ಬರೆದು, ಮಗುವಿನ ಹೆಸರು, ವಯಸ್ಸು, ಓದಿದ ತರಗತಿ, ಹಳೆಯ ಶಾಲೆ, ಸ್ಯಾಟ್ಸ್ ಸಂಖ್ಯೆ, ಪೋಷಕರ ದೂರವಾಣಿ, ಹೊಸ ಶಾಲೆಗೆ ಸೇರಿದ ದಿನಾಂಕ ಇಷ್ಟನ್ನು ನಮೂದಿಸಬಹುದು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಮನೆಗಳ ಪರಿಚಯವಿರುವುದರಿಂದ ಅವರ ನೆರವು ಪಡೆಯಬೇಕು. ಈ ವಿವರಗಳು ಮಕ್ಕಳಿಗೆ ಸಂಬಂಧಿಸಿದ್ದಾದುದರಿಂದ ಸೂಚನಾ ಫಲಕದಲ್ಲಾಗಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಾಗಲಿ ಪ್ರಕಟಿಸಬಾರದು.

ಮೇ ಕೊನೆಯ ವಾರದಲ್ಲಿ ಈ ಪುಸ್ತಕವನ್ನು ಮುಖ್ಯ ಶಿಕ್ಷಕರ ದಾಖಲಾತಿ ಪಟ್ಟಿಯೊಂದಿಗೆ ಹೋಲಿಸಬೇಕು. ಮೊದಲ ಪಟ್ಟಿಯಲ್ಲಿ ಹೊಸ ಶಾಲೆಯ ದಿನಾಂಕವಿಲ್ಲದ ಹೆಸರು ಉಳಿದಿದ್ದರೆ ಆ ಮನೆಗೆ ಭೇಟಿ ನೀಡಬೇಕು. ಎರಡನೆಯ ಪಟ್ಟಿಯಲ್ಲಿರುವ ಕುಟುಂಬಕ್ಕೆ ಒಂದು ದೂರವಾಣಿ ಕರೆ ಸಾಕಾಗಬಹುದು. ಪ್ರಮಾಣಪತ್ರವೊಂದೇ ಅಡ್ಡಿಯಾಗಿದ್ದಲ್ಲಿ, ಮಗುವನ್ನು ಮೊದಲು ತರಗತಿಯಲ್ಲಿ ಕೂರಿಸಿ, ಬಳಿಕ ಎರಡೂ ಶಾಲೆಗಳ ಮುಖ್ಯ ಶಿಕ್ಷಕರು ಪರಸ್ಪರ ಮಾತನಾಡಿ ದಾಖಲೆ ತರಿಸಿಕೊಳ್ಳುವಂತೆ ಕೋರಬೇಕು. ತಂದೆತಾಯಿಯನ್ನು ಮತ್ತೆ ಬೆಂಗಳೂರಿನ ಬಸ್ಸು ಹತ್ತಿಸಬೇಕಾದ ಅಗತ್ಯವಿಲ್ಲ. ಆದರೂ ದಾಖಲಾತಿ ಆಗದಿದ್ದಲ್ಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಲು ಕಾಯ್ದೆಯ ಪ್ರಕರಣ 32ರಲ್ಲಿ ಅವಕಾಶವಿದ್ದು, ಅದನ್ನು ಮೂರು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಮೂರು ತಿಂಗಳು ಮಗುವಿನ ವರ್ಷದಲ್ಲಿ ದೊಡ್ಡ ಅವಧಿಯಾದ್ದರಿಂದ, ದೂರಿನ ಹಂತಕ್ಕೆ ಹೋಗುವ ಮುನ್ನವೇ ಮಾತುಕತೆಯಲ್ಲಿ ಬಗೆಹರಿಸುವುದು ಮೇಲು.

ಮೇ ತಿಂಗಳ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ಮೇ 29ರಿಂದ ಮೊದಲ ಹತ್ತು ದಿನಗಳಲ್ಲಿ ತಮ್ಮ ವ್ಯಾಪ್ತಿಯ ಶಾಲೆಗಳಿಗೆ ಒಮ್ಮೆಯಾದರೂ ಭೇಟಿ ನೀಡಿ ಎರಡೂ ಪಟ್ಟಿಗಳನ್ನು ಪರಿಶೀಲಿಸಬೇಕೆಂದು ಎಲ್ಲ ಸದಸ್ಯರಲ್ಲಿ ಕೋರಲಾಗಿದೆ.